ನಾಗಜ್ಯೋತಿಯ ಸೊನ್ನೆಯ ತಿಂಗಳು

ನನ್ನ ಚಿಗವ್ವ ಗುರುಬಸಮ್ಮ ಕೂಸನ್ನು ಎಡಗೈ ಮೇಲೆ ಮಲಗಿಸಿಕೊಂಡು, ಒಂದು ಸಲ ಮೆಲ್ಲಗೆ ಎತ್ತಿ ಇಳಿಸಿ, ತೂಕ ಹೇಳಿಬಿಡುತ್ತಿದ್ದಳು. ‘ಐದು ಮುನ್ನೂರು’ ಎನ್ನುತ್ತಿದ್ದಳು, ಐದು ಕಿಲೋ ಮುನ್ನೂರು ಗ್ರಾಂ ಎಂದು. ಆಮೇಲೆ ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ತಪ್ಪಿದರೆ ನೂರು ಗ್ರಾಂ ಆಚೆ, ನೂರು ಗ್ರಾಂ ಈಚೆ. ತುಂಗಭದ್ರೆಯ ಈಚೆ, ತೆಲುಗು ರಾಜ್ಯದಲ್ಲಿರುವ ಮಾಧವರಂ ಊರಿನ ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಕೂಸುಗಳನ್ನು ತೂಗಿದ ಕೈ ಅದು.

ಆ ಕೈಗೆ ಸಿಗದೆ ಹೋದ ಕೂಸು ಒಂದೇ. ಹೆಸರು ನಾಗಜ್ಯೋತಿ. ಅದು ಈಗ ತುಂಗಭದ್ರೆಯ ಆಚೆ ದಂಡೆಯಲ್ಲಿ, ಕುರಿಮಂದೆಯ ಜೊತೆ, ಯಾವುದೋ ಹೊಲದಲ್ಲಿದೆ. ಅದನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅದು ಚಿಗವ್ವನಿಗೆ ಗೊತ್ತು, ನನಗೆ ಗೊತ್ತು, ಒಂಬತ್ತನೇ ತರಗತಿಯ ಹಾರಿಕಾಗೂ ಗೊತ್ತು. ಕೂಸನ್ನು ಎತ್ತಿಕೊಂಡು ನಡೆಯುತ್ತಿರುವವರು ಮಾತ್ರ ಅದನ್ನು ನಂಬಿಲ್ಲ.

ಚಿಗವ್ವ ಆದವಾನಿಯಲ್ಲಿ ಹುಟ್ಟಿ ಬೆಳೆದವಳು. ಹತ್ತನೇ ತರಗತಿ ಮುಗಿದ ಮೇಲೆ ಮದುವೆಯಾಗಿ ಮಾಧವರಂಗೆ ಬಂದಳು. ಗಂಡ ಉರುಕುಂದಪ್ಪನದು ಷೇರ್ ಆಟೋ. ದಿನವೂ ಮಂತ್ರಾಲಯಕ್ಕೆ ಹೋಗುವವರನ್ನು ತುಂಬಿಕೊಂಡು ಓಡಾಡುತ್ತಾನೆ. ಅಂಗನವಾಡಿ ಎಂದರೆ ಒಂದೇ ಕೋಣೆ, ಮುಂದೆ ಬೇವಿನ ಮರ. ಬೇವಿನ ಕೊಂಬೆಗೆ ಕಟ್ಟಿದ ಹಗ್ಗಕ್ಕೆ ತಿಂಗಳಿಗೊಮ್ಮೆ ತಕ್ಕಡಿ ನೇತು ಬೀಳುತ್ತದೆ: ಗಡಿಯಾರದಂಥ ದುಂಡು ಮುಖ, ಒಂದು ಮುಳ್ಳು, ಕೆಳಗೆ ಒಂದು ಕೊಕ್ಕೆ. ಕೊಕ್ಕೆಗೆ ಬಟ್ಟೆಯ ಜೋಳಿಗೆ, ಜೋಳಿಗೆಯಲ್ಲಿ ಕೂಸು.

ಐದಾರು ವರ್ಷದ ಹಿಂದೆ ಆಗಿನ ಸೂಪರ್‌ವೈಸರ್ ಒಬ್ಬರು ಬಂದಿದ್ದಾಗ ಚಿಗವ್ವ ಎಂದಿನಂತೆ ಮೊದಲು ಕೈಯಲ್ಲಿ ಎತ್ತಿ ನೋಡಿ, ಆಮೇಲೆ ತಕ್ಕಡಿಗೆ ಹಾಕಿದಳು. ಆ ಅಮ್ಮ ಎಲ್ಲರ ಮುಂದೆ ತೆಲುಗಿನಲ್ಲಿ ಕೇಳಿದರಂತೆ, “ಕಂಟಿಕಿ ಸುನ್ನಾ ಎಕ್ಕಡ ಉಂಟುಂದಮ್ಮಾ?” ಕಣ್ಣಿಗೆ ಸೊನ್ನೆ ಎಲ್ಲಿರುತ್ತದೆ ಎಂದು. ತಕ್ಕಡಿಗಾದರೆ ಸೊನ್ನೆ ಇದೆ. ಏನೂ ಹಾಕದಿದ್ದಾಗ ಮುಳ್ಳು ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತು. ಕಣ್ಣು ಖಾಲಿ ಇರುವುದೇ ಇಲ್ಲ, ಅದನ್ನು ನಂಬಬೇಡಿ ಎಂದು ಹೇಳಿ ಹೋದರು. ಮಾತು ನ್ಯಾಯವಾದದ್ದೇ. ಅಂದಿನಿಂದ ಚಿಗವ್ವ ತೂಕದ ದಿನ ಬೆಳಗ್ಗೆ ಮೊದಲು ಮಾಡುವ ಕೆಲಸ ಸೊನ್ನೆ ಕೂಡಿಸುವುದು. ತಕ್ಕಡಿಯ ತಲೆಯ ಮೇಲಿನ ತಿರುಪನ್ನು ಉಗುರಿನಿಂದ ತಿರುಗಿಸುತ್ತ, ಒಂದು ಕಣ್ಣು ಮುಚ್ಚಿ, ಮುಳ್ಳು ಸೊನ್ನೆಯ ಗೆರೆಯ ಮೇಲೆ ಸರಿಯಾಗಿ ಕೂರುವವರೆಗೂ ಯಾರ ಕೂಸನ್ನೂ ಮುಟ್ಟುವುದಿಲ್ಲ. ಕೈಯಲ್ಲಿ ಎತ್ತಿ ಹೇಳುವುದನ್ನು ಬಿಟ್ಟಳು. ಹೇಳಿದರೂ ಬಾಯೊಳಗೇ.

ನಾನು ಆದವಾನಿಯಲ್ಲಿ ಡಿಗ್ರಿ ಓದುತ್ತೇನೆ. ತಿಂಗಳ ಮೊದಲ ಶನಿವಾರ ಬಸ್ಸು ಹಿಡಿದು ಮಾಧವರಂಗೆ ಹೋಗಿ, ಚಿಗವ್ವ ಹೇಳಿದ ಅಂಕಿಗಳನ್ನು ಇಲಾಖೆಯ ಫೋನಿಗೆ ತುಂಬಿಸಿ ಬರುವುದು ರೂಢಿ. ಫೋನಿನ ಸಣ್ಣ ಅಕ್ಷರ ಆಕೆಗೆ ಕಾಣುವುದಿಲ್ಲ. ತೂಕ ತುಂಬಿಸಿದ ಕೂಡಲೇ ಕೂಸಿನ ಹೆಸರಿನ ಪಕ್ಕ ಒಂದು ಬಣ್ಣ ಬರುತ್ತದೆ. ಹಸಿರು ಬಂದರೆ ಚಿಂತೆಯಿಲ್ಲ, ಹಳದಿ ಬಂದರೆ ಎಚ್ಚರ. ಕೆಂಪು ಬಂದರೆ ಅದೇ ದಿನ ಕೂಸು, ತಾಯಿ ಇಬ್ಬರನ್ನೂ ಉರುಕುಂದಪ್ಪನ ಆಟೋದಲ್ಲಿ ಕೂರಿಸಿ ಚಿಗವ್ವ ಆಸ್ಪತ್ರೆಗೆ ಹೊರಡುತ್ತಾಳೆ. ಕೆಂಪು ಬಂದ ಹನ್ನೊಂದು ಕೂಸುಗಳನ್ನು ಆಕೆ ಹೀಗೆ ಉಳಿಸಿಕೊಂಡಿದ್ದಾಳೆ.

ನಾಗಜ್ಯೋತಿ ಹುಟ್ಟಿದ್ದು ಆಗಸ್ಟಿನಲ್ಲಿ, ಆಸ್ಪತ್ರೆಯಲ್ಲಿ. ಅಲ್ಲಿಂದ ತಂದ ಕಾರ್ಡಿನಲ್ಲಿ ಹುಟ್ಟಿದಾಗಿನ ತೂಕ ಬರೆದಿತ್ತು: ಎರಡು ಕಿಲೋ ನಾನೂರು ಗ್ರಾಂ. ತಾಯಿ ಮಲ್ಲೇಶ್ವರಿಗೆ ಇಪ್ಪತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ತಂದೆ ಶಿವಕೃಷ್ಣ ಕುರಿ ಮೇಯಿಸುವವನು. ಮನೆಯ ಮಾತೆಲ್ಲ ಅತ್ತೆ ಪಕೀರಮ್ಮನದು. ಒಂದು ತಿಂಗಳಾದ ಮೇಲೆ ಕೂಸನ್ನು ಮೊದಲ ಸಲ ತೂಕಕ್ಕೆ ಕರೆತಂದಾಗ ಆಕೆ ಬೇವಿನ ನೆರಳಿಗೆ ಬಂದು ನಿಂತು, ನೇತಾಡುವ ಕೊಕ್ಕೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

“ತೂಗಬ್ಯಾಡ ಟೀಚರಮ್ಮ. ಹಂಗೇ ಬರಕೋ.”

“ತೂಗದ ಹೆಂಗ ಬರಕೊಳ್ಳಲಿ ಪಕೀರಮ್ಮ?”

“ನಾವು ತೂಗೋದು ಕಟುಕಗ ಕೊಡೋ ಟಗರನ್ನ. ಕೊಕ್ಕಿಗಿ ಏರಿದ್ದು ತಿರುಗಿ ಹಟ್ಟಿಗಿ ಬರಂಗಿಲ್ಲ. ನಮ್ಮ ಕೂಸೇನ್ ಸಂತಿಗಿ ಹೊಂಟೈತೇನು?”

“ಈ ಊರಾಗ ಅರ್ಧ ಮಂದಿ ಇದೇ ಕೊಕ್ಕಿಗಿ ಏರಿ ಇಳಿದವ್ರು. ಯಾರನ್ನೂ ಯಾರೂ ಕೊಂಡು ಹೋಗಿಲ್ಲ. ಹಂಗ ಹೋಗಿದ್ರ ಆ ತಿಪ್ಪೇಶನ್ನಾದ್ರೂ ಯಾರಾರ ಒಯ್ತಿದ್ರು, ದಿನಾ ನನ್ನ ಬೇವಿನ ಗಿಡ ಏರತಾನ.”

ಕೂತಿದ್ದ ಹೆಂಗಸರೆಲ್ಲ ನಕ್ಕರು. ಪಕೀರಮ್ಮ ನಗಲಿಲ್ಲ. “ಅವು ಊರಾಗಿರೋ ಕೂಸು. ನಮ್ದು ಅಡವಿ ತಿರುಗೋ ಕೂಸು” ಎಂದು ಅಷ್ಟೇ ಹೇಳಿ ಹೊರಟೇಬಿಟ್ಟಳು.

ಚಿಗವ್ವ ಅವರ ಹಟ್ಟಿಗೆ ಎರಡು ಸಲ ಹೋದಳು. ಮೂರನೇ ಸಲಕ್ಕೆ ಒಂದು ಒಪ್ಪಂದವಾಯಿತು. ಕೂಸನ್ನು ಬರಿಮೈಯಲ್ಲಿ ಒಂಟಿಯಾಗಿ ತೂಗುವಂತಿಲ್ಲ. ಕಂಬಳಿಯಲ್ಲಿ ಸುತ್ತಿ, ಗಂಟು ಕಟ್ಟಿ ಪಕೀರಮ್ಮನೇ ತರುತ್ತಾಳೆ, ಅವಳೇ ಕೊಕ್ಕೆಗೆ ಹಾಕುತ್ತಾಳೆ, ಅವಳೇ ಇಳಿಸಿಕೊಳ್ಳುತ್ತಾಳೆ. ಪರರ ಕೈ ತಾಕಬಾರದು. ಕಂಬಳಿಯ ತೂಕ ಕಳೆಯಬೇಕಲ್ಲ ಎಂದಾಗ ಅದೇ ಕಂಬಳಿಯಿಂದ ಹರಿದ ಇನ್ನರ್ಧ ತುಂಡನ್ನು ಪಕೀರಮ್ಮನೇ ತಂದು ಕೊಟ್ಟಳು.

“ಇದನ್ನ ಬೇಕಾದ್ರ ತೂಗಿಕೋ. ಕಂಬಳಿ ನಾವು ಮಾರತೀವಿ, ಅದಕ್ಕೇನ್ ಬ್ಯಾನಿ ಇಲ್ಲ.”

ಈ ಸಲ ಅವಳೂ ನಕ್ಕಳು. ಕಂಬಳಿಯ ತುಂಡು ಆರುನೂರು ಗ್ರಾಂ ತೂಗಿತು. ಗಂಟಿನ ತೂಕದಲ್ಲಿ ಆರುನೂರು ಕಳೆದರೆ ಕೂಸಿನ ತೂಕ. ಚಿಗವ್ವ ಅದನ್ನು ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಳು. ಅದಕ್ಕಿಂತ ಶುದ್ಧವಾಗಿ ಲೆಕ್ಕ ಇಡುವವರು ಯಾರಿದ್ದಾರೆ?

ಮಲ್ಲೇಶ್ವರಿ ಮಾತ್ರ ಅಂದು ನಗಲಿಲ್ಲ. ಗಂಟಿನ ಕಡೆಗೊಮ್ಮೆ ನೋಡಿ, ಅತ್ತೆಯ ಕಡೆಗೊಮ್ಮೆ ನೋಡಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಅದು ನನಗೆ ಈಗ ನೆನಪಾಗುತ್ತದೆ. ಆಗ ಕಂಡಿತ್ತು ಅಷ್ಟೇ.

ಒಂದನೇ ತಿಂಗಳು ನಾಲ್ಕು ಇನ್ನೂರು. ಎರಡನೇ ತಿಂಗಳು ನಾಲ್ಕು ಆರುನೂರು. ಮೂರನೇ ತಿಂಗಳು ಐದು. ಡಿಸೆಂಬರಿನಲ್ಲಿ, ನಾಲ್ಕನೇ ತಿಂಗಳು, ಗಂಟು ನೇತಾಡುತ್ತಿದ್ದಾಗ ಚಿಗವ್ವ ಅದರ ಹತ್ತಿರ ಹೋಗಿ ನಿಂತಳು. ಕಂಬಳಿಯಿಂದ ಹೊರಗೆ ಕಾಣುತ್ತಿದ್ದುದು ಮುಖವೊಂದೇ. ಕಣ್ಣಿಗೆ ಕಾಡಿಗೆ, ಕೆನ್ನೆಗೆ ಕಪ್ಪು ಬೊಟ್ಟು. ಕೂಸು ಅಳಲೂ ಇಲ್ಲ, ನಗಲೂ ಇಲ್ಲ. ಬೇವಿನ ಎಲೆಗಳ ಕಡೆ ನೋಡುತ್ತಿತ್ತು.

“ನಾಕು” ಎಂದಳು ಚಿಗವ್ವ ಬಾಯೊಳಗೇ.

ಮುಳ್ಳು ಆರರ ಮೇಲೆ ನಿಂತಿತ್ತು. ಕಂಬಳಿ ಕಳೆದರೆ ಐದು ನಾನೂರು.

“ನನ್ನ ಕಣ್ಣಿಗಿ ವಯಸ್ಸಾತು ನೋಡು” ಎಂದಳು. “ಒಂದೂವರಿ ಕಿಲೋ ತಪ್ಪತೈತಂದ್ರ ಏನ್ ಕಣ್ಣದು?”

“ಆದವಾನಿಗಿ ಬಾ ಚಿಗವ್ವ, ಕಣ್ಣು ಟೆಸ್ಟ್ ಮಾಡಿಸಿ ಕನ್ನಡಕ ಹಾಕಸ್ತೀನಿ” ಎಂದು ನಾನು ತಮಾಷೆ ಮಾಡಿದೆ. ಐದು ಪಾಯಿಂಟ್ ನಾಲ್ಕು ಎಂದು ಫೋನಿಗೆ ತುಂಬಿಸಿದೆ. ಹಸಿರು ಬಂತು. ಪಕೀರಮ್ಮ ಕೇಳಿದ್ದಕ್ಕೆ ಫೋನನ್ನು ಅವಳ ಮುಖದ ಮುಂದೆ ಹಿಡಿದು ತೋರಿಸಿದೆ. ಅವಳು ಓದಿದವಳಲ್ಲ, ಆದರೆ ಹಸಿರು ಯಾರಿಗೆ ತಿಳಿಯುವುದಿಲ್ಲ? ಅವಳ ಮುಖ ಅರಳಿತು.

ಭತ್ತದ ಕೊಯ್ಲು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವ ಕಾಲ ಅದು. ಅದಾದ ನಾಲ್ಕೇ ದಿನಕ್ಕೆ ಅವರು ಮಂದೆ ಹೊಡೆದುಕೊಂಡು, ಸೇತುವೆ ದಾಟಿ ಕರ್ನಾಟಕದ ಕಡೆ ಹೋದರು. ಕಂಬಳಿಯ ಇನ್ನರ್ಧ ತುಂಡು ಅಂಗನವಾಡಿಯ ಬೀರುವಿನಲ್ಲಿಯೇ ಉಳಿಯಿತು.

ಸಂಕ್ರಾಂತಿ ರಜೆಗೆ ನಾನು ಮಾಧವರಂಗೆ ಹೋದಾಗ ಪಕ್ಕದ ಮನೆಯ ಹಾರಿಕಾ ನೋಟ್‌ಬುಕ್ಕು ಹಿಡಿದುಕೊಂಡು ಬಂದಳು. ಒಂಬತ್ತನೇ ತರಗತಿ, ಕನ್ನಡ ಮೀಡಿಯಂ. ದಿನನಿತ್ಯದ ಬದುಕಿನಿಂದ ಒಂದು ಸರಳರೇಖೆಯ ಸಮೀಕರಣ ತರಬೇಕೆಂದು ಗಣಿತದ ಮೇಷ್ಟ್ರು ಹೇಳಿದ್ದಾರಂತೆ.

“ಎಲ್ಲಾರೂ ಆಟೋ ಚಾರ್ಜ್ ಬರಕೊಂಡು ಬರ್ತಾರಕ್ಕ. ನನಗ ಬ್ಯಾರೆ ಬೇಕು. ಸರ್‌ಗೆ ಷಾಕ್ ಆಗಬೇಕು.”

“ನಿನ್ನ ಸರ್‌ಗೆ ನೀನು ಹೋಂವರ್ಕ್ ಮಾಡಿದ್ರ ಸಾಕು, ಷಾಕ್ ಆಗತೈತಿ” ಎಂದು ಚಿಗವ್ವ ಅಕ್ಕಿ ಆರಿಸುತ್ತಲೇ ಹೇಳಿದಳು.

ನಾನು ರಿಜಿಸ್ಟರು ತೆಗೆದೆ. ಅಡ್ಡ ಅಕ್ಷದ ಮೇಲೆ ತಿಂಗಳು, ನಿಂತ ಅಕ್ಷದ ಮೇಲೆ ತೂಕ. ಕೂಸುಗಳ ತೂಕವನ್ನೇ ಗೆರೆ ಮಾಡೋಣ ಎಂದೆ. ನಾಲ್ಕೈದು ಕೂಸುಗಳ ಚುಕ್ಕೆಗಳನ್ನು ಹಾರಿಕಾ ಇಟ್ಟು ನೋಡಿದಳು. ಯಾವುದೂ ಗೆರೆಯಾಗಲಿಲ್ಲ. ಎಲ್ಲವೂ ಮೊದಲು ಚುರುಕಾಗಿ ಏರಿ ಆಮೇಲೆ ಬಾಗುತ್ತಿದ್ದವು, ನಡುವೆ ಜ್ವರ ಬಂದ ತಿಂಗಳು ಕುಸಿಯುತ್ತಿದ್ದವು. ನಾಗಜ್ಯೋತಿಯ ನಾಲ್ಕು ಚುಕ್ಕೆಗಳು ಮಾತ್ರ ಸ್ಕೇಲ್ ಇಟ್ಟರೆ ಒಂದೇ ಗೆರೆಯ ಮೇಲೆ ಬಂದವು.

“ಈಕಿ ಎಷ್ಟು ಚಲೋ ಅದಾಳಕ್ಕ! ತಿಂಗಳಿಗಿ ಸರಿಯಾಗಿ ನಾನೂರು. ಅಂದ್ರ ಗೆರಿ ಏರಿಕಿ, ಎಂ, ಪಾಯಿಂಟ್ ನಾಲ್ಕು. ಇನ್ನ ಸಿ ಬೇಕು.”

“ಸಿ ಅಂದ್ರ ಏನು ಹೇಳು.”

“ವೈ ಇಂಟರ್ಸೆಪ್ಟ್.”

“ಹೆಸರಲ್ಲ. ಏನದು?”

ಅವಳು ಪೆನ್ಸಿಲ್ ಕಚ್ಚಿದಳು. “ಎಕ್ಸ್ ಸೊನ್ನೆ ಆದಾಗ ವೈ ಎಷ್ಟು ಅಂತ. ಗೆರಿ ಹಿಂದಕ್ಕ ಎಳದ್ರ ನಿಂತ ಅಕ್ಷಾನ ಎಲ್ಲಿ ಕಡಿತೈತಿ ಅಂತ.”

“ಇಲ್ಲಿ ಎಕ್ಸ್ ಅಂದ್ರ ತಿಂಗಳು. ಸೊನ್ನೆ ತಿಂಗಳು ಅಂದ್ರ?”

“ಹುಟ್ಟಿದ ದಿನ!” ಎಂದು ಕೂಗಿ, ಸ್ಕೇಲನ್ನು ಒತ್ತಿ ಹಿಡಿದು, ಗೆರೆಯನ್ನು ಹಿಂದಕ್ಕೆ ಎಳೆದಳು. ಗೆರೆ ಮೂರು ಎಂಟುನೂರರ ಹತ್ತಿರ ಅಕ್ಷವನ್ನು ಮುಟ್ಟಿತು. ಲೆಕ್ಕ ಮಾಡಿಯೂ ನೋಡಿದಳು: ಒಂದನೇ ತಿಂಗಳ ನಾಲ್ಕು ಇನ್ನೂರರಲ್ಲಿ ಆ ತಿಂಗಳ ನಾನೂರು ಗ್ರಾಂ ಕಳೆದರೆ ಮೂರು ಎಂಟುನೂರು. “ಹುಟ್ಟಿದಾಗ ಮೂರು ಎಂಟನೂರಾ! ಯಪ್ಪಾ, ಡುಮ್ಮಿ ಇದ್ದಾಳ.”

ಹುಟ್ಟಿದ ತೂಕದ ಕಾಲಮ್ಮಿಗೆ ಬೆರಳಿಟ್ಟಳು. ಬೆರಳು ಅಲ್ಲಿಯೇ ನಿಂತಿತು. “ಇಲ್ಲಿ ಎರಡು ನಾನೂರು ಅಂತ ಐತಕ್ಕ. ನಂದು ತಪ್ಪಾತಾ?”

“ನಿನ್ನ ಲೆಕ್ಕ ಸರಿ ಐತಿ” ಎಂದೆ. ಕೂಸುಗಳು ಮೊದಲ ತಿಂಗಳು ಜಾಸ್ತಿ ಬೆಳೆಯುತ್ತವೆ, ಆಮೇಲೆ ನಿಧಾನವಾಗುತ್ತವೆ, ಆದ್ದರಿಂದ ಕೊನೆಯ ಚುಕ್ಕೆಗಳ ಗೆರೆಯನ್ನು ಹಿಂದಕ್ಕೆ ಎಳೆದರೆ ಹುಟ್ಟಿದ ತೂಕವೇ ಸಿಗಬೇಕೆಂದೇನಿಲ್ಲ ಎಂದು ವಿವರಿಸಿದೆ. ಗೆರೆಗೂ ಬದುಕಿಗೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ಹೇಳಿದೆನೆಂದು ನನಗೇ ಅನ್ನಿಸಿತು.

ಅಕ್ಕಿ ಆರಿಸುವ ಸದ್ದು ನಿಂತಿತ್ತು.

“ಮೊದಲ ತಿಂಗಳಾಗ ಎಷ್ಟು ಏರ್ಯಾಳ ಆಕಿ?” ಚಿಗವ್ವ ಕೇಳಿದಳು.

“ಎರಡು ನಾನೂರರಿಂದ ನಾಲ್ಕು ಇನ್ನೂರು. ಒಂದು ಎಂಟನೂರು.”

“ಆಮ್ಯಾಲ?”

“ತಿಂಗಳಿಗಿ ನಾನೂರು.”

ಚಿಗವ್ವ ಮೊರವನ್ನು ಕೆಳಗಿಟ್ಟಳು. “ಬಾಣಂತ್ಯಾಗ ಮಲ್ಲೇಶ್ವರಿ ಕುಡದದ್ದು ಗಂಜಿ. ಎದಿ ತುಂಬ ಹಾಲಿರೋ ಮನ್ಯಾಗ ಒಂದು ಕಿಲೋ ಏರಿದ್ರ ನಾ ಊರಿಗೆಲ್ಲ ಹೇಳಕೊಂಡು ಬರತೀನಿ. ಒಂದು ಎಂಟನೂರು ಯಾವ ಕೂಸೂ ಏರಂಗಿಲ್ಲ.” ಎದ್ದು ಬಂದು ಗ್ರಾಫ್ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಗೆರೆ ಅಕ್ಷವನ್ನು ಕಡಿದ ಜಾಗವನ್ನೂ, ಅದರ ಕೆಳಗೆ ಆಸ್ಪತ್ರೆ ಬರೆದ ಎರಡು ನಾನೂರರ ಜಾಗವನ್ನೂ ಹೆಬ್ಬೆರಳು ತೋರುಬೆರಳಿನಿಂದ ಹಿಡಿದಳು. ಎರಡರ ನಡುವೆ ಒಂದು ಕಿಲೋ ನಾನೂರು. ಆ ಬೆರಳುಗಳನ್ನು ಹಾಗೆಯೇ ಹಿಡಿದು, ಅಳತೆ ಕದಲದಂತೆ, ನಾಲ್ಕನೇ ತಿಂಗಳಿನ ಚುಕ್ಕೆಯ ಕೆಳಗೆ ತಂದಿಟ್ಟಳು. ಕೆಳಗಿನ ಬೆರಳು ನಾಲ್ಕಕ್ಕೆ ಬಂತು.

“ನಾಕು” ಎಂದಳು. ಅಂದು ಬೇವಿನ ಕೆಳಗೆ ಹೇಳಿದಷ್ಟೇ ಮೆಲ್ಲಗೆ. “ನನ್ನ ಕಣ್ಣು ಸರಿ ಇತ್ತು.”

ಹಾರಿಕಾ ನಮ್ಮಿಬ್ಬರ ಮುಖ ನೋಡಿದಳು. “ಏನಾತಕ್ಕ?”

ಆ ಗಂಟಿನಲ್ಲಿ ಕೂಸು, ಕಂಬಳಿ ಅಲ್ಲದೆ ಇನ್ನೇನೋ ಇತ್ತು. ತಿಂಗಳು ತಿಂಗಳೂ ಏರದೆ, ಇಳಿಯದೆ ಅಷ್ಟೇ ಇರುವಂಥದ್ದು. ಗೆರೆಯ ಏರಿಕೆ ಕೂಸಿನದು; ಗೆರೆ ಶುರುವಾದ ಎತ್ತರದಲ್ಲಿ ಒಂದು ಕಿಲೋ ನಾನೂರು ಬೇರೆಯದು. ನಾಲ್ಕು ತಿಂಗಳ ಹೆಣ್ಣುಕೂಸಿಗೆ ಐದು ನಾನೂರು ಹಸಿರು. ನಾಲ್ಕು ಕಿಲೋ ಎಂದರೆ ಹಳದಿಯನ್ನೂ ದಾಟಿ ಕೆಂಪಿನ ಒಳಗೆ. ನಾನು ಹುಟ್ಟಿದ ತೂಕವನ್ನೂ ಫೋನಿಗೆ ತುಂಬಿಸಿದ್ದೆ, ಆಮೇಲಿನ ನಾಲ್ಕನ್ನೂ ತುಂಬಿಸಿದ್ದೆ. ಐದೂ ಅಂಕಿ ನನ್ನ ಬೆರಳಿನಿಂದಲೇ ಹೋಗಿದ್ದವು.

ಶಿವಕೃಷ್ಣನ ನಂಬರು ರಿಜಿಸ್ಟರಿನಲ್ಲಿತ್ತು. ಮೂರನೇ ಸಲಕ್ಕೆ ಕರೆ ಸೇರಿತು. ಗಾಳಿಯ ಸದ್ದು, ಕುರಿಗಳ ಸದ್ದು. ಗಿಲ್ಲೇಸೂಗೂರು ದಾಟಿ ಕಾಲುವೆ ಪಕ್ಕದ ಹೊಲದಲ್ಲಿದ್ದೇವೆ ಎಂದು ಹೇಳಿ ಅವನು ಫೋನನ್ನು ತಾಯಿಗೆ ಕೊಟ್ಟ. ನಾನು ಸ್ಪೀಕರ್ ಹಾಕಿದೆ.

“ಪಕೀರಮ್ಮ, ಪಾಪ ಹೆಂಗದಾಳ?”

“ಮಲ್ಕೊಂಡಾಳ ಟೀಚರಮ್ಮ. ಯಾವಾಗ್ಲೂ ಮಲ್ಕೊಂಡೇ ಇರತಾಳ. ಬಾಳ ಶ್ಯಾಣೆ ಕೂಸು, ಅಳಂಗೇ ಇಲ್ಲ.”

ಚಿಗವ್ವ ಕಣ್ಣು ಮುಚ್ಚಿಕೊಂಡಳು. “ಹಾಲು ಎಳಿತಾಳೇನು?”

“ಎರಡು ಗುಟುಕು ಎಳದು ಬಿಡತಾಳ. ಆಸಿಬುರುಕಿ ಅಲ್ಲ.”

“ಪಕೀರಮ್ಮ, ನಿನಗ ಕೈ ಮುಗಿತೀನಿ. ತೂಗುವಾಗ ಗಂಟಿನ್ಯಾಗ ಕೂಸಿನ ಜೋಡಿ ಏನಿಟ್ಟಿದ್ದಿ?”

“ಗುಂಡಪ್ಪನ್ನ” ಎಂದಳು ಪಕೀರಮ್ಮ.

ನಮ್ಮ ಕಡೆ ತೊಟ್ಟಿಲು ಹಾಕುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ರುಬ್ಬುವ ಗುಂಡುಕಲ್ಲು. ಅದಕ್ಕೆ ಕುಂಚಿಗೆ ಕಟ್ಟಿ, ಬೊಟ್ಟಿಟ್ಟು, ಗುಂಡಪ್ಪ ಎಂದು ಹೆಸರು ಹೇಳಿ, ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸುತ್ತಾರೆ. ಆಮೇಲೆಯೇ ಕೂಸು. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಎಲ್ಲರ ಮನೆಯಲ್ಲೂ ಆ ಕಲ್ಲು ಮರುದಿನ ಒರಳಿಗೆ ಮರಳುತ್ತದೆ. ಪಕೀರಮ್ಮ ಅದನ್ನು ಮರಳಿಸಿರಲಿಲ್ಲ.

“ಒಂಟಿ ಜೀವ ತೂಗಬಾರದು. ಆಕಿಗಿಂತ ಮೊದಲು ತೊಟ್ಟಲಾಗ ಮಲಗಿದ ಅಣ್ಣ ಜೋಡಿ ಇರಲಿ ಅಂತ ಬೆನ್ನಿಗಿ ಇಟ್ಟಿದ್ದೆ. ತಕ್ಕಡಿಗಿ ಯಾರು ಕೂಸು, ಯಾರು ಕಲ್ಲು ತಿಳೀಬಾರದು ಅಂತ. ತಪ್ಪೇನು?”

“ತಪ್ಪಿಲ್ಲವ್ವ. ನಿನ್ನದು ಏನೂ ತಪ್ಪಿಲ್ಲ. ಆದ್ರ ಪಾಪ ಐದು ನಾನೂರು ಇಲ್ಲ, ನಾಕೇ ಕಿಲೋ ಅದಾಳ. ಕೆಂಪಿನ್ಯಾಗದಾಳ. ಇವತ್ತೇ ರಾಯಚೂರು ದವಾಖಾನಿಗಿ ಒಯ್ಯಿರಿ. ಅಳದ ಕೂಸು ಶ್ಯಾಣೆ ಅಲ್ಲವ್ವ, ಅಳಾಕ ಶಕ್ತಿ ಇಲ್ಲ ಆಕಿಗಿ.”

“ಬಿಡ್ತು ಅನ್ನು! ಹಸರು ಬಂದೈತಿ ಅಂತ ಆ ಹುಡುಗಿ ಫೋನ್ ತೋರಿಸಿದ್ಲಲ್ಲ ನನಗ. ನಾ ಇಷ್ಟು ಮಂದಿಗಿ ಹೇಳ್ಯಾಡೀನಿ. ತಿಂಗಳೊಪ್ಪತ್ತಿನ್ಯಾಗ ಹಸರು ಕೆಂಪಾತೇನು?”

“ಕಲ್ಲಿನ ತೂಕ ಸೇರಿ ಹಸರು ಬಂತವ್ವ.”

“ನಿನ್ನ ತಕ್ಕಡಿಗಿ ಕಲ್ಲು ಯಾವುದು ಕೂಸು ಯಾವುದು ತಿಳಿಯಂಗಿಲ್ಲಂದ್ರ, ಮತ್ತ ಅದೇ ತಕ್ಕಡಿ ಮಾತು ಕೇಳಿ ನಾ ಕೂಸಿನ್ನ ದವಾಖಾನ್ಯಾಗ ಹಾಕಲೇನು? ಅಲ್ಲೂ ಕೊಕ್ಕಿಗೇ ಹಾಕತಾರ, ಬರಿಮೈಯಾಗ.”

ನಮ್ಮ ಬಳಿ ಇದ್ದದ್ದು ಒಂದು ಗ್ರಾಫ್ ಹಾಳೆ; ಅದನ್ನು ಫೋನಿನಲ್ಲಿ ಹೇಗೆ ತೋರಿಸುವುದು?

ದೂರದಲ್ಲಿ ಮಲ್ಲೇಶ್ವರಿಯ ಧ್ವನಿ ಕೇಳಿತು. “ಅತ್ತಿ, ಇಲ್ಲಿ ಕೊಡ್ರಿ. ನಾ ಮಾತಾಡ್ತೀನಿ, ಕೊಡ್ರಿ ಅತ್ತಿ...”

ಅಲ್ಲಿಗೆ ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಚಾರ್ಜ್ ಮುಗಿದಿರಬಹುದು. ಕುರಿಯವರು ಊರು ಸಿಕ್ಕಾಗ ಯಾವುದಾದರೂ ಚಹಾದಂಗಡಿಯಲ್ಲಿ ಫೋನು ಚಾರ್ಜಿಗಿಡುತ್ತಾರೆ.

ಚಿಗವ್ವ ಈಚೆ ದಂಡೆಯ ಆಸ್ಪತ್ರೆಗೆ ಫೋನು ಮಾಡಿದಳು. ನರ್ಸಮ್ಮ ಒಳ್ಳೆಯವರು, ಎಲ್ಲವನ್ನೂ ಕೇಳಿಸಿಕೊಂಡರು. ಕೂಸು ಎಲ್ಲಿದೆ ಎಂದು ನಿಕ್ಕಿ ಹೇಳಿದರೆ ಆಂಬುಲೆನ್ಸ್ ಕಳಿಸಲು ಆಚೆ ಕಡೆಯವರಿಗೆ ತಾವೇ ಹೇಳುವುದಾಗಿ ಅಂದರು. ಗಿಲ್ಲೇಸೂಗೂರು ದಾಟಿ ಎಲ್ಲೋ ಕಾಲುವೆ ಪಕ್ಕ ಎಂದಷ್ಟೇ ಚಿಗವ್ವನಿಗೆ ಹೇಳಲು ಗೊತ್ತಿತ್ತು.

ಉರುಕುಂದಪ್ಪ ಮನೆಗೆ ಬರುವುದು ಸಂಜೆ ಮಂತ್ರಾಲಯದ ಕೊನೆಯ ಟ್ರಿಪ್ ಮುಗಿದ ಮೇಲೆ. ಮರುದಿನ ಬೆಳಕು ಹರಿಯುವುದರೊಳಗೆ ಮೂವರೂ ಸೇತುವೆ ದಾಟಿದೆವು. ಕೆಳಗೆ ಹೊಳೆ ಬಂಡೆಗಳ ನಡುವೆ ಹರಿದು ಹಂಚಿಹೋಗಿತ್ತು.

“ರಾಯರ ಭಕ್ತರನ್ನ ಬಿಟ್ಟು ಕುರಿ ಹುಡುಕಾಕ ಹೊಂಟೀನಿ” ಎಂದ ಉರುಕುಂದಪ್ಪ, ಚಿಗವ್ವನ ಮುಖ ಸ್ವಲ್ಪ ಸಡಿಲವಾಗಲೆಂದು. “ನಿನ್ನ ಕೆಂಪು ಬಣ್ಣಕ್ಕ ನನ್ನ ಆಟೋ ಹುಟ್ಟ್ಯಾದ ನೋಡು.”

“ಜೋರಾಗಿ ಹೊಡಿರಿ” ಎಂದಷ್ಟೇ ಅಂದಳು ಚಿಗವ್ವ. ಅವಳ ಮಡಿಲಲ್ಲಿ ಬೀರುವಿನಿಂದ ತಂದ ಕಂಬಳಿಯ ತುಂಡಿತ್ತು. ಕೂಸನ್ನು ಸುತ್ತಿಕೊಂಡು ಬರಲು.

ಗಿಲ್ಲೇಸೂಗೂರಿನಲ್ಲಿ ಕೇಳುತ್ತ ಹೋದಾಗ ಹೊಲ ಸಿಕ್ಕಿತು. ಭತ್ತದ ಕೂಳೆಯ ನಡುವೆ ಇಡೀ ಹೊಲ ಗೊರಸಿನ ಗುರುತು, ಹೊಸ ಹಿಕ್ಕೆಯ ವಾಸನೆ. ಮೂರು ಕಲ್ಲಿನ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಹೊಲದ ಒಡೆಯ ನಾಗೇಶ ಬದುವಿನ ಮೇಲೆ ಹಲ್ಲುಜ್ಜುತ್ತ ನಿಂತಿದ್ದ.

“ನಸಕ್ಲೆ ಎದ್ದು ಹೋದ್ರಲ್ರಿ. ಇನ್ನೊಂದು ತಾಸು ಮುಂಚೆ ಬಂದಿದ್ರ ಸಿಗತಿದ್ರು. ಇನ್ನೆರಡು ದಿನ ಇರ್ರಿ ಅಂದೆ, ಆ ಮುದುಕಿ ಕೇಳಲಿಲ್ಲ.”

“ಯಾವ ಕಡಿ ಹೋದ್ರು?”

“ಕಾಲುವಿ ಏರಿ ಹಿಡದು ಹೋದ್ರು. ಮುಂದ ಎಲ್ಲಿಗಿ ಅಂತ ಕುರಿಯವ್ರು ಹೇಳತಾರೇನ್ರಿ? ಎಲ್ಲಿ ಮೇವೈತೋ ಅಲ್ಲಿ.”

“ಕೂಸಿತ್ತಲ್ಲ, ನೋಡಿದ್ರೇನು?”

ಅವನು ಬಾಯಿ ಮುಕ್ಕಳಿಸಿ ಉಗುಳಿ, ಯೋಚಿಸಿದ. “ಕೂಸಿತ್ತೇನು? ಮೂರು ದಿನ ಇದ್ರು. ನನಗ ಅಳು ಕೇಳಿಲ್ಲ.”

ಕಾಲುವೆ ಏರಿಯ ಮೇಲೆ ಆಟೋ ಹೋಗುವುದಿಲ್ಲ. ಸುತ್ತು ದಾರಿಯಲ್ಲಿ ನಾಲ್ಕು ಊರು ತಿರುಗಿದೆವು. ಎರಡು ಕಡೆ ಮಂದೆ ಕಂಡಿತು, ಎರಡೂ ಬೇರೆಯವರದು. ದೂರದಿಂದ ಎಲ್ಲ ಮಂದೆಯೂ ಒಂದೇ ಥರ. ಹತ್ತಿರ ಹೋಗುವವರೆಗೂ ಚಿಗವ್ವ ಆಟೋದ ಕಂಬಿ ಹಿಡಿದು ಅರ್ಧ ಎದ್ದು ನಿಂತಿರುತ್ತಿದ್ದಳು, ಆಮೇಲೆ ಕೂರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಉರುಕುಂದಪ್ಪ ಗಾಡಿ ನಿಲ್ಲಿಸಿದ. ಮುಂದೆ ರಾಯಚೂರು ರಸ್ತೆಯಲ್ಲಿ ತಪಾಸಣೆ ಇರುತ್ತದೆ, ಅವನ ಆಟೋಗೆ ಅಲ್ಲಿ ಪರ್ಮಿಟ್ ಇಲ್ಲ.

ಅಲ್ಲಿನ ಒಂದು ಅಂಗನವಾಡಿ ನಡೆಸುವ ಭವಾನಿ ಎಂಬವರು ನಮಗೆ ನೀರು ಕೊಟ್ಟು ಕೂರಿಸಿದರು. ಚಿಗವ್ವ ಗ್ರಾಫ್ ಹಾಳೆ ಬಿಡಿಸಿ ತೋರಿಸಿದಳು. ಇನ್ನೊಬ್ಬ ತೂಗುವವರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಭವಾನಿ ಹಾಳೆಯ ಮೇಲೆ ಬೆರಳಿಟ್ಟು ‘ಅಯ್ಯಯ್ಯ’ ಎಂದರು. ತಮ್ಮ ಫೋನಿನಲ್ಲಿ ಹೆಸರು ಹುಡುಕಿದರು, ಬರಲಿಲ್ಲ. ಹೊಳೆಯ ನಮ್ಮ ಕಡೆಯ ಕೂಸುಗಳು ಅವರ ಪಟ್ಟಿಯಲ್ಲಿಲ್ಲ.

“ನಮ್ಮ ಟೀಚರುಗಳ ಗ್ರೂಪಿಗೆ ಹಾಕತೀನಿ ಅಕ್ಕಾರ. ಕಂಬಳಿ ಗಂಟಿನ ಕೂಸು ಎಲ್ಲಿ ಕಂಡ್ರೂ ಹೇಳ್ರಿ ಅಂತ. ಆದ್ರ ಕುರಿಯವ್ರು ಊರೊಳಗ ಬರಬೇಕಲ್ರಿ.”

ತಿರುಗಿ ಬರುವಾಗ ಸೇತುವೆಯ ಮೇಲೆ ಚಿಗವ್ವ ಮೊದಲ ಸಲ ಅತ್ತಳು. ಸದ್ದಿಲ್ಲದೆ, ಕಂಬಳಿಯ ತುಂಡನ್ನು ಬಾಯಿಗೆ ಒತ್ತಿಕೊಂಡು. ಉರುಕುಂದಪ್ಪ ಕನ್ನಡಿಯಲ್ಲಿ ನೋಡಿದ. ಆಟೋವನ್ನು ನಿಧಾನ ಮಾಡಿದ.

ನಡೆದದ್ದನ್ನೆಲ್ಲ ಚಿಗವ್ವ ಈಗಿನ ಸೂಪರ್‌ವೈಸರಿಗೆ ಬರೆದು ಕೊಟ್ಟಳು. ತನ್ನ ತಪ್ಪು ಎಂದೇ ಬರೆದಳು. ಅವರು ಗದರಲಿಲ್ಲ. ತಾವೂ ಆಚೆ ಕಡೆಗೆ ಫೋನು ಮಾಡಿಸಿದರು. ಹಳೆಯ ತಿಂಗಳುಗಳ ಅಂಕಿ ಈಗ ಫೋನಿನಲ್ಲಿ ತಿದ್ದಲು ಬರುವುದಿಲ್ಲ, ಹೊಸ ತಿಂಗಳಿಗೆ ಸದ್ಯಕ್ಕೆ ‘ವಲಸೆ’ ಎಂದು ಹಾಕಿ ಎಂದರು. ಹಾಕಿದರೆ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಚಿಗವ್ವ ಹಾಕಲಿಲ್ಲ. ಫೋನಿನಲ್ಲಿ ನಾಗಜ್ಯೋತಿಯ ಹೆಸರಿನ ಪಕ್ಕ ಇಂದಿಗೂ ಹಸಿರು ಚುಕ್ಕೆಯಿದೆ.

ಹಾರಿಕಾ ಬಂದು ಬಾಗಿಲಲ್ಲಿ ನಿಂತಳು. ಆ ಲೆಕ್ಕವನ್ನು ಶಾಲೆಗೆ ಕೊಡಲೋ ಬೇಡವೋ ಎಂದು ಕೇಳಲು.

“ಕೊಡು” ಎಂದಳು ಚಿಗವ್ವ. “ಲೆಕ್ಕ ಸರಿ ಐತಲ್ಲ. ಪಾಪನ ಹೆಸರು ಮಾತ್ರ ಬರಿಬ್ಯಾಡ.”

ಹಾರಿಕಾ ‘ಒಂದು ಮಗು’ ಎಂದು ಬರೆದಳು. ಇಪ್ಪತ್ತಕ್ಕೆ ಇಪ್ಪತ್ತು ಬಂತು. ಆ ಹಾಳೆಯನ್ನು ಅವಳು ಮನೆಗೆ ಒಯ್ಯಲಿಲ್ಲ, ಚಿಗವ್ವನಿಗೇ ಕೊಟ್ಟುಹೋದಳು.

ಫೆಬ್ರುವರಿಯ ಮೊದಲ ಶನಿವಾರ ನಾನು ಹೋದಾಗ ಬೇವಿನ ಕೆಳಗೆ ತಕ್ಕಡಿ ನೇತಾಡುತ್ತಿತ್ತು. ಚಿಗವ್ವ ಸೊನ್ನೆ ಕೂಡಿಸಿ ಮುಗಿಸಿದ್ದಳು. ಆದರೆ ಈಗ ಪ್ರತಿ ಕೂಸನ್ನೂ ಮೊದಲು ಎಡಗೈ ಮೇಲೆ ತೆಗೆದುಕೊಂಡು, ಎತ್ತಿ ಇಳಿಸಿ, ಎಲ್ಲರಿಗೂ ಕೇಳುವಂತೆ ಅಂಕಿ ಹೇಳಿ, ಆಮೇಲೆ ಕೊಕ್ಕೆಗೆ ಹಾಕುತ್ತಿದ್ದಳು.

ಕೆಲಸ ಮುಗಿದ ಮೇಲೆ ರಿಜಿಸ್ಟರಿನಿಂದ ಗ್ರಾಫ್ ಹಾಳೆ ತೆಗೆದಳು. ಹಾರಿಕಾಳ ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದಿದ್ದಳು, ಅಷ್ಟೇ ಓರೆ. ಅದು ಎರಡು ನಾನೂರರಲ್ಲಿ ಶುರುವಾಗಿ ನಾಲ್ಕನೇ ತಿಂಗಳಲ್ಲಿ ನಾಲ್ಕಕ್ಕೆ ಬಂದು ನಿಂತಿತ್ತು.

“ಈ ಗೆರಿ ಹಿಂದಕ್ಕ ಎಳದ್ರ ಹುಟ್ಟಿದ್ದು ಸಿಗತೈತಿ. ಮುಂದಕ್ಕ ಎಳದ್ರ?”

“ಆರನೇ ತಿಂಗಳಿಗೆ ನಾಲ್ಕು ಎಂಟನೂರು ಬರತೈತಿ ಚಿಗವ್ವ.” ಸ್ವಲ್ಪ ತಡೆದು ಹೇಳಿದೆ, “ಕಾಗದದ ಮ್ಯಾಲೆ.”

“ಹೂಂ” ಎಂದಳು. ಪೆನ್ಸಿಲು ಕೈಯಲ್ಲೇ ಇತ್ತು. ಗೆರೆಯ ತುದಿಗೆ ತಂದಳು, ಮುಂದೆ ಎಳೆಯಲಿಲ್ಲ. ಹಾಳೆಯನ್ನು ಕಂಬಳಿಯ ತುಂಡಿನ ಮಡಿಕೆಯೊಳಗಿಟ್ಟು ಬೀರು ಮುಚ್ಚಿದಳು.

ಆಮೇಲೆ ದಿನವೂ ಮಾಡುವಂತೆ ಶಿವಕೃಷ್ಣನ ನಂಬರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಫೋನು ಸ್ವಿಚ್ ಆಫ್ ಆಗಿದೆ ಎನ್ನುವ ಹೆಣ್ಣುದನಿ ಕನ್ನಡದಲ್ಲಿತ್ತು.

“ಇನ್ನ ಆಚಿ ದಂಡಿಗೇ ಅದಾರ” ಎಂದಳು ಚಿಗವ್ವ. ಅವರು ಸೇತುವೆ ದಾಟಿ ಈಚೆ ಬಂದ ದಿನ ಆ ದನಿ ತೆಲುಗಿಗೆ ತಿರುಗುತ್ತದೆ ಎಂದು ಆಕೆ ನಂಬಿದ್ದಾಳೆ. ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ನಾನು ತಿದ್ದಲಿಲ್ಲ. ದನಿ ಮುಗಿದು ತಾನಾಗಿ ಕಡಿಯುವವರೆಗೂ ಇಬ್ಬರೂ ಕೇಳುತ್ತ ಕೂತೆವು.